ಹಿತ್ತಿಲ ಹಲಸು, ಚಾವಡಿಯ ಪತ್ತಾಯ

ಪೀಠೋಪಕರಣದ ಮರವೆಂದರೆ ನಮ್ಮಲ್ಲಿ ಬಹುಮಂದಿಗೆ ತಟ್ಟನೆ ನೆನಪಾಗುವುದು ತೇಗ. ಅದು ಬಿಟ್ಟರೆ ಬೀಟೆ. ಮನೆಗೆ ಬಂದ ನೆಂಟರು ಮಂಚದ ಕಾಲನ್ನು ಬೆರಳಿನಿಂದ ತಟ್ಟಿ ನೋಡಿ “ಸಾಗುವಾನಿಯೋ?” ಎಂದು ಕೇಳುತ್ತಾರೆ. “ಅಲ್ಲ, ಹಲಸು” ಎಂದು ಉತ್ತರ ಹೇಳುವಾಗ ಮನೆಯ ಯಜಮಾನರ ದನಿ ಸ್ವಲ್ಪ ತಗ್ಗುವುದನ್ನು ನೀವೂ ಗಮನಿಸಿರಬಹುದು. ಈ ಸಂಕೋಚಕ್ಕೆ ಕಾರಣವಿಲ್ಲವೆಂಬುದು ನನ್ನ ಅಭಿಪ್ರಾಯ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಈಗ ಮೂರು ತಾಲೂಕುಗಳಾಗಿರುವ ಸೀಮೆಯ ಯಾವುದಾದರೂ ಹಳೆಯ ಮನೆಯನ್ನು ಹೊಕ್ಕು ನೋಡಿ. ಊಟಕ್ಕೆ ಹಾಕಿದ ಮಣೆ, ಒರಗಿಕೊಳ್ಳುವ ಮುಂಡಿಗೆ, ತಲೆಯ ಮೇಲಿನ ಮುಚ್ಚಿಗೆ, ಮಗುವಿನ ತೊಟ್ಟಿಲು, ಭತ್ತ ತುಂಬಿಡುವ ಪತ್ತಾಯ, ಇವುಗಳಲ್ಲಿ ಒಂದಾದರೂ ಹಲಸಿನದ್ದು ಅಥವಾ ಅದರ ಕಾಡಿನ ಸೋದರನಾದ ಹೆಬ್ಬಲಸಿನದ್ದು ಆಗಿರುತ್ತದೆ. ತೇಗ ಅರಸರ ಮರವಾಗಿತ್ತು. ಹಲಸು ಒಕ್ಕಲಿನ ಮರ. ಈ ವ್ಯತ್ಯಾಸ ಹೇಗೆ ಉಂಟಾಯಿತೆಂಬುದು ಒಂದು ಸ್ವಾರಸ್ಯದ ಚರಿತ್ರೆ. ಅದರ ನಡುವೆ ಸ್ವಲ್ಪ ರಸಾಯನಶಾಸ್ತ್ರವೂ ಬರುತ್ತದೆ.

ಮೊದಲು ಮರವನ್ನೇ ನೋಡೋಣ. ಹಲಸು ಆಲ, ಅತ್ತಿ, ಹಿಪ್ಪುನೇರಳೆಗಳ ಕುಟುಂಬಕ್ಕೆ ಸೇರಿದ್ದು. ಕಾಂಡವನ್ನು ಗಾಯ ಮಾಡಿದರೆ ಬಿಳಿಯ ಹಾಲು ಸುರಿಯುವುದು ಈ ಕುಟುಂಬದ ಲಕ್ಷಣ. ಆ ಹಾಲು ಗಟ್ಟಿಯಾದಾಗ ಆಗುವ ಮೇಣ ಹಲಸಿನ ಹಣ್ಣು ಬಿಡಿಸಿದವರಿಗೆಲ್ಲ ಚೆನ್ನಾಗಿ ಪರಿಚಿತ. ಶಾಸ್ತ್ರದಲ್ಲಿ ಇದರ ಹೆಸರು ಆರ್ಟೋಕಾರ್ಪಸ್ ಹೆಟೆರೊಫಿಲಸ್. ಹೆಬ್ಬಲಸಿನದು ಆರ್ಟೋಕಾರ್ಪಸ್ ಹಿರ್ಸುಟಸ್. ಆರ್ಟೋಕಾರ್ಪಸ್ ಎಂದರೆ ಗ್ರೀಕಿನಲ್ಲಿ ರೊಟ್ಟಿಹಣ್ಣು ಎಂದರ್ಥ. ಕ್ಯಾಪ್ಟನ್ ಕುಕ್‌ನ ಎರಡನೆಯ ನೌಕಾಯಾನದಲ್ಲಿ ಹೋಗಿದ್ದ ಫಾರ್ಸ್ಟರ್ ತಂದೆ ಮಕ್ಕಳು ದೀವಿಹಲಸನ್ನು ಕಂಡು ಇಟ್ಟ ಹೆಸರು. ನಮ್ಮ ಎರಡು ಹಲಸುಗಳಿಗೂ ಜಾತಿನಾಮವನ್ನು ಕೊಟ್ಟವನು ಫ್ರಾನ್ಸಿನ ಲಮಾರ್ಕ್, 1789ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡೆ ಬರೆಯಿಸಿದ ‘ಹೊರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥದಲ್ಲಿ ಇವೆರಡರ ಚಿತ್ರಗಳೂ ಬಂದಿದ್ದವು. ಆ ಗ್ರಂಥಕ್ಕೆ ನೆರವಾದ ಪಂಡಿತರಲ್ಲಿ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದರೆಂಬುದನ್ನು ಗಂಗೊಳ್ಳಿ, ಬಸ್ರೂರುಗಳ ಕೊಂಕಣಿ ಮನೆಯವರು ಹೆಮ್ಮೆಯಿಂದ ನೆನೆಯಬಹುದು. ಇಂಗ್ಲಿಷಿನ ‘ಜಾಕ್’ ಎಂಬ ಮಾತು ಕೂಡ ಮಲಯಾಳದ ‘ಚಕ್ಕ’ ಪೋರ್ತುಗೀಜರ ಬಾಯಲ್ಲಿ ‘ಜಾಕಾ’ ಆದದ್ದರಿಂದ ಬಂದದ್ದು.

ಹಲಸಿನ ಕೊರಡನ್ನು ಅಡ್ಡ ಕೊಯ್ದಾಗ ಹೊರಗಡೆ ತೆಳುಬಣ್ಣದ ಒಂದು ಸುತ್ತು, ಒಳಗೆ ಅರಸಿನ ಬಣ್ಣದ ಕೆಚ್ಚು ಕಾಣುತ್ತದೆ. ಹೊರಸುತ್ತು ಮರಕ್ಕೆ ಬದುಕಿದ್ದಾಗ ನೀರು ಸಾಗಿಸಿದ ಭಾಗ. ಅದರಲ್ಲಿ ಪಿಷ್ಟ ಇರುವುದರಿಂದ ಕುಟ್ಟೆಹುಳುವಿಗೆ ಅದು ಹಬ್ಬದೂಟ. ಬಲ್ಲ ಆಚಾರಿ ಅದನ್ನು ಬಾಚಿಯಿಂದ ಕೆತ್ತಿ ತೆಗೆಯುತ್ತಾನೆ. ಕೆಚ್ಚಿನ ಕತೆಯೇ ಬೇರೆ. ಮರ ತನ್ನ ಒಳಭಾಗದ ಜೀವಕೋಶಗಳು ಸಾಯುವ ಮುನ್ನ ಅವುಗಳಲ್ಲಿ ಕೆಲವು ರಾಸಾಯನಿಕ ವಸ್ತುಗಳನ್ನು ತುಂಬಿಡುತ್ತದೆ. ಹುಳು, ಬೂಸು, ಒರಲೆಗಳಿಗೆ ಅವು ಒಗ್ಗುವುದಿಲ್ಲ. ಹಲಸಿನಲ್ಲಿ ಅವುಗಳ ಪೈಕಿ ಮುಖ್ಯವಾದುದು ಮೋರಿನ್ ಎಂಬ ಹಳದಿ ಪದಾರ್ಥ. ಇದನ್ನು 1895ರಲ್ಲಿ ಹಲಸಿನ ಮರದಿಂದ ಬೇರ್ಪಡಿಸಿ ತೋರಿಸಿದವರು ಇಂಗ್ಲೆಂಡಿನ ಎ. ಜಿ. ಪರ್ಕಿನ್ ಮತ್ತು ಎಫ್. ಕೋಪ್. ಈ ಪರ್ಕಿನ್ 1856ರಲ್ಲಿ ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದ ವಿಲಿಯಂ ಪರ್ಕಿನ್ನನ ಮಗ. ತಂದೆ ಕೃತಕ ಬಣ್ಣ ಮಾಡಿ ಸಸ್ಯದ ಬಣ್ಣಗಳ ಕಾಲ ಮುಗಿಯಲು ಕಾರಣನಾದ. ಮಗ ಸಸ್ಯದ ಬಣ್ಣಗಳ ಗುಟ್ಟನ್ನು ಬಿಡಿಸುತ್ತ ಕುಳಿತ! ಮುಂದೆ ಪುಣೆಯ ರಾಷ್ಟ್ರೀಯ ರಸಾಯನಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಕೆ. ವೆಂಕಟರಾಮನ್ ಅವರೂ ಹಲಸಿನ ಕುಲದ ಕೆಚ್ಚಿನ ವರ್ಣದ್ರವ್ಯಗಳ ಮೇಲೆ ಬಹಳ ಕೆಲಸ ಮಾಡಿದರು. ಬರ್ಮಾ, ಸಿಂಹಳ, ಸಯಾಮಿನ ಬೌದ್ಧ ಭಿಕ್ಷುಗಳ ಚೀವರಕ್ಕೆ ಹಲಸಿನ ಮರದ ಪುಡಿಯನ್ನು ಕುದಿಸಿ ಬಣ್ಣ ಕಟ್ಟುವ ಪದ್ಧತಿ ಹಿಂದಿನಿಂದಲೂ ಇತ್ತು. ಅದಕ್ಕೆ ಪಟಿಕಾರ ಸೇರಿಸಿದರೆ ಬಣ್ಣ ಬಲವಾಗಿ ಕೂಡುತ್ತದೆ, ಏಕೆಂದರೆ ಪಟಿಕಾರದಲ್ಲಿರುವ ಅಲ್ಯುಮಿನಿಯಮನ್ನು ಮೋರಿನ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಈ ಗುಣದಿಂದಾಗಿಯೇ ಪ್ರಯೋಗಶಾಲೆಗಳಲ್ಲಿ ಅಲ್ಯುಮಿನಿಯಮ್ ಇದೆಯೇ ಎಂದು ಪತ್ತೆಹಚ್ಚಲು ಮೋರಿನ್ ಬಳಸುತ್ತಾರೆ.

ಹೊಸದಾಗಿ ಕೀಸಿದ ಹಲಸಿನ ಹಲಗೆಯ ಬಣ್ಣ ಕಣ್ಣಿಗೆ ಹೊಡೆಯುವಷ್ಟು ಹಳದಿ. ಗಾಳಿ ಬೆಳಕಿಗೆ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಮಾಗುತ್ತ, ವರ್ಷಗಳು ಕಳೆದಂತೆ ಕೆಂಪು ಬೆರೆತ ಕಂದು ಬಣ್ಣಕ್ಕೆ ಇಳಿಯುತ್ತದೆ. ಕಿರುತೆರೆಯ ಕೆಲಸದವರಿಗೆ ಇದೊಂದು ತೊಡಕು. ಒಂದೇ ಹಲಗೆಯನ್ನು ಆಚಾರಿಯ ಕೊಟ್ಟಿಗೆಯಲ್ಲಿ ಒಮ್ಮೆ, ಮನೆಯಲ್ಲಿ ಎರಡು ವರ್ಷದ ಅನಂತರ ಇನ್ನೊಮ್ಮೆ ಚಿತ್ರೀಕರಿಸಿದರೆ ನೋಡುಗರು ಎರಡೂ ಬೇರೆ ಮರಗಳೆಂದೇ ತಿಳಿದಾರು. ಹಳೆಯ ಮನೆಯ ಮಣೆಯನ್ನು ತೇಗವೆಂದು ಹೊಸಬರು ಭಾವಿಸುವುದಕ್ಕೂ ಇದೇ ಕಾರಣ.

ಭಾರದಲ್ಲಿ ಹಲಸು ಮಧ್ಯಮ ದರ್ಜೆಯದು. ಒಣಗಿದ ಹಲಸು ಘನಮೀಟರಿಗೆ ಸುಮಾರು 600 ಕಿಲೋ ತೂಗುತ್ತದೆ. ತೇಗ ಸುಮಾರು 650, ಬೀಟೆ 850ರ ಆಸುಪಾಸು. ನಮ್ಮ ಘಟ್ಟದ ಬುಡದ ಬೋಗಿ ಮರವಂತೂ ನೀರಿನಷ್ಟೇ ಭಾರ. ಅದನ್ನು ಸೇತುವೆಗೆ, ತೊಲೆಗೆ ಹಾಕಬಹುದೇ ಹೊರತು ಮನೆಯೊಳಗೆ ಎತ್ತಿ ಸರಿಸುವ ಕುರ್ಚಿಗೆ ಯಾರೂ ಬಳಸುವುದಿಲ್ಲ. ಹಲಸಿನ ನಾರು ನೇರವಾಗಿ ಓಡುವುದಿಲ್ಲ. ಒಂದಷ್ಟು ವರ್ಷ ಬಲಕ್ಕೆ ತಿರುಗಿ, ಮತ್ತಷ್ಟು ವರ್ಷ ಎಡಕ್ಕೆ ತಿರುಗಿ ಹೆಣೆದುಕೊಂಡಿರುತ್ತದೆ. ಈ ಹೆಣಿಗೆಯಿಂದ ಆಚಾರಿಗೆ ಕಷ್ಟ, ಏಕೆಂದರೆ ಕೀಸುಳಿ ಒಂದು ಕಡೆ ನುಣುಪಾಗಿ ಹೋದರೆ ಮರುಗೇಣಿನಲ್ಲಿ ಚಕ್ಕೆ ಎಬ್ಬಿಸುತ್ತದೆ. ಮನೆಯವರಿಗಾದರೋ ಲಾಭವೇ: ಹಲಗೆ ಸುಲಭವಾಗಿ ಸೀಳುವುದಿಲ್ಲ, ಮೇಲ್ಮೈಯಲ್ಲಿ ಪಟ್ಟೆಪಟ್ಟೆಯಾಗಿ ಹೊಳಪು ಓಡುತ್ತದೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಕರಾವಳಿಯಲ್ಲಿ ಮರ ಹಿಗ್ಗುವುದು ಕುಗ್ಗುವುದು ಸಣ್ಣ ಸಂಗತಿಯಲ್ಲ. ಆಷಾಢದಲ್ಲಿ ಬಾಗಿಲು ಹಾಕಲಾಗದೆ, ಮಾಘದಲ್ಲಿ ಅದೇ ಬಾಗಿಲಿನ ಸಂದಿನಲ್ಲಿ ಬೆಳಕು ಕಾಣುವುದು ನಿಮಗೆ ಗೊತ್ತೇ ಇದೆ. ಹಲಸು ಈ ವಿಷಯದಲ್ಲಿ ಸಾಧು. ಚೆನ್ನಾಗಿ ಒಣಗಿಸಿದ ಮೇಲೆ ಹೆಚ್ಚು ಡೊಂಕಾಗುವುದಿಲ್ಲ. ಒಣಗಿಸುವುದಕ್ಕೆ ಹಿಂದಿನವರು ಅವಸರಪಡುತ್ತಿರಲಿಲ್ಲ. ಕಡಿದ ಕೊರಡನ್ನು ಕೆರೆಯಲ್ಲೋ ಹೊಳೆಯಲ್ಲೋ ತಿಂಗಳುಗಟ್ಟಲೆ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸುವ ಕ್ರಮವಿತ್ತು. ನೀರಿನಲ್ಲಿದ್ದಾಗ ಮರದೊಳಗಿನ ಪಿಷ್ಟವೂ ಸಕ್ಕರೆಯೂ ಕರಗಿ ಹೋಗುವುದರಿಂದ ಕುಟ್ಟೆಹುಳುವಿಗೆ ಆಹಾರವಿಲ್ಲದಂತಾಗುತ್ತದೆ. ಇದು ಶಾಸ್ತ್ರಕ್ಕೆ ಒಪ್ಪುವ ಮಾತು. ಕೃಷ್ಣಪಕ್ಷದಲ್ಲೇ ಮರ ಕಡಿಯಬೇಕೆಂಬ ನಿಯಮಕ್ಕೆ ಅಷ್ಟು ಬಲವಾದ ಆಧಾರವನ್ನು ಕೊಡುವುದು ಕಷ್ಟ. ಆದರೂ ಅಂಥ ನಿಯಮ ಇದ್ದದ್ದರಿಂದ ಮರ ಕಡಿಯುವವನು ಎರಡು ವಾರವಾದರೂ ಕಾದು ಯೋಚಿಸುತ್ತಿದ್ದನಲ್ಲ, ಅದೂ ಒಂದು ಉಪಕಾರವೇ.

ಇನ್ನು ಚರಿತ್ರೆಗೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಪ್ರಾಂತ ಇಂಗ್ಲಿಷ್ ಕಂಪೆನಿಯ ಕೈಗೆ ಬಂತು. ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಇಲ್ಲಿನ ಭೂಮಿ ಅರಸನದಲ್ಲ, ವರ್ಗದಾರರ ಸ್ವಂತ ಆಸ್ತಿ ಎಂದು ಅವನು 1800ರಲ್ಲಿ ಮದ್ರಾಸಿಗೆ ಬರೆದ ವರದಿಗಳಲ್ಲಿ ವಾದಿಸಿದ. ಮಾರನೆಯ ವರ್ಷ, 1801ರ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಲಬಾರಿನಿಂದ ಹೊರಟು ಮಂಗಳೂರು, ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ದಾಟಿ ಭಟ್ಕಳದ ಕಡೆಗೆ ಹೋದ. ದಾರಿಯುದ್ದಕ್ಕೂ ಬೆಳೆ, ಗೇಣಿ, ಜಾತಿ, ದೇವಸ್ಥಾನಗಳ ಜೊತೆಗೆ ಮರಗಳ ಹೆಸರುಗಳನ್ನೂ ಬರೆದುಕೊಳ್ಳುತ್ತ ಹೋದವನು ಆತ. ಹೊಸದಾಗಿ ಗೆದ್ದ ನಾಡಿನಲ್ಲಿ ಏನೇನು ಸಿಗುತ್ತದೆಂದು ತಿಳಿಯುವುದೇ ಆ ಪ್ರವಾಸದ ಉದ್ದೇಶವಾಗಿತ್ತು. 1807ರಲ್ಲಿ ಮೂರು ಸಂಪುಟಗಳಾಗಿ ಅದು ಲಂಡನ್ನಿನಲ್ಲಿ ಅಚ್ಚಾಯಿತು.

ಅದೇ ಕಾಲಕ್ಕೆ ಇಂಗ್ಲೆಂಡು ನೆಪೋಲಿಯನ್ನನೊಡನೆ ಯುದ್ಧದಲ್ಲಿತ್ತು. ಹಡಗು ಕಟ್ಟುವ ಓಕ್ ಮರ ಆ ದೇಶದಲ್ಲಿ ಸಾಲದೆ ಬಂದದ್ದರಿಂದ ಮುಂಬಯಿಯ ಹಡಗುಕಟ್ಟೆಗೆ ತೇಗ ಬೇಕಾಯಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸು ಅಧಿಕಾರಿಯನ್ನು ಈ ಕರಾವಳಿಯ ಕಾಡುಗಳಿಗೆ ಮೊದಲ ಸಂರಕ್ಷಕನನ್ನಾಗಿ ನೇಮಿಸಿದರು. ಮಾರನೆಯ ವರ್ಷ ಕಂಪೆನಿ ಕಾಡುಗಳ ಮೇಲೆ ತನ್ನ ಒಡೆತನವನ್ನು ಸಾರಿತು. ತೇಗ ಎಲ್ಲೇ ಬೆಳೆದಿರಲಿ, ಯಾರ ನೆಲದಲ್ಲೇ ಇರಲಿ, ಸರಕಾರದ ಸೊತ್ತು ಎಂಬಂತಾಯಿತು. ಜನ ಇದರಿಂದ ಎಷ್ಟು ಬೇಸತ್ತರೆಂದರೆ, ಮನ್ರೋ ಮದ್ರಾಸಿನ ಗವರ್ನರನಾಗಿ ಬಂದ ಮೇಲೆ 1823ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಬೇಕಾಯಿತು. ಆಮೇಲೆ 1856ರಲ್ಲಿ ಕ್ಲೆಗ್‌ಹಾರ್ನನ ಮುಖ್ಯಸ್ಥಿಕೆಯಲ್ಲಿ ಮದ್ರಾಸಿನ ಅರಣ್ಯ ಇಲಾಖೆ ಹುಟ್ಟಿತು. 1882ರಲ್ಲಿ ಮದ್ರಾಸು ಅರಣ್ಯ ಕಾನೂನು ಬಂತು. ಈ ನಡುವೆ 1862ರಲ್ಲಿ ಕೆನರಾದ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ತಾಲೂಕು ಮಾತ್ರ ಮದ್ರಾಸಿನಲ್ಲಿಯೇ ಉಳಿಯಿತು. ಹಾಗಾಗಿ ಶಿರೂರಿನ ಆಚೆಗೆ ಒಂದು ಕಾನೂನು, ಈಚೆಗೆ ಇನ್ನೊಂದು.

ಈ ಎಲ್ಲ ಗಲಾಟೆಯ ಹೊರಗೆ ಉಳಿದದ್ದು ಹಿತ್ತಿಲ ಹಲಸು. ಹಡಗು ಕಟ್ಟುವವರಿಗೆ ಅದರ ಹೆಸರು ಅಷ್ಟಾಗಿ ತಿಳಿದಿರಲಿಲ್ಲ. ಅದು ಕಾಡಿನ ಮರವೂ ಆಗಿರಲಿಲ್ಲ. ಅಜ್ಜ ಬೀಜ ಹಾಕಿ ಬೆಳೆಸಿದ್ದು, ಮೊಮ್ಮಗ ಮದುವೆಯ ಮಂಚಕ್ಕೆ ಕಡಿದದ್ದು. ವರ್ಗದ ಒಳಗಿನ ಈ ಮರಕ್ಕೆ ರೇಂಜರನನ್ನೂ ಕೇಳಬೇಕಾಗಿರಲಿಲ್ಲ, ಗಾರ್ಡನಿಗೂ ನಮಸ್ಕಾರ ಹಾಕಬೇಕಾಗಿರಲಿಲ್ಲ. ಈ ಸೀಮೆಯ ಮನೆಗಳಲ್ಲಿ ಹಲಸು ತುಂಬಿಕೊಂಡದ್ದಕ್ಕೆ ಅದರ ಗುಣ ಅರ್ಧ ಕಾರಣ, ಕಾನೂನು ಇನ್ನರ್ಧ ಕಾರಣ ಎಂದು ನನಗನ್ನಿಸುತ್ತದೆ. ತೇಗ ಒಣಹವೆಯ ಎಲೆಯುದುರುವ ಕಾಡಿನಲ್ಲಿ, ದಾಂಡೇಲಿ–ಯಲ್ಲಾಪುರಗಳ ಕಡೆ ಚೆನ್ನಾಗಿ ಬೆಳೆಯುವ ಮರವೆಂಬುದೂ ನಿಜ. ಕೊಲ್ಲೂರಿನ, ಹೊಸಂಗಡಿಯ ದಟ್ಟ ಮಳೆಕಾಡು ಅದಕ್ಕೆ ತಕ್ಕ ನೆಲೆಯಲ್ಲ.

ಹೆಬ್ಬಲಸಿನ ಕತೆ ಸ್ವಲ್ಪ ಬೇರೆ. ಇದು ಪಶ್ಚಿಮಘಟ್ಟದಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಮರ. ಹಲಸಿನಂತೆ ಬೇಗ ಕವಲೊಡೆಯದೆ ನೆಟ್ಟಗೆ, ತೆಂಗನ್ನೂ ಮೀರಿಸಿ ಏರುತ್ತದೆ. ಮುಷ್ಟಿಗಿಂತ ದೊಡ್ಡದಾದ ಮುಳ್ಳುಹಣ್ಣು, ಒಳಗೆ ಕಿತ್ತಳೆ ಬಣ್ಣದ ಸಣ್ಣ ಸೊಳೆಗಳು. ತುಳುವರು ಪೆಜಕಾಯಿ ಎನ್ನುವುದು ಇದನ್ನೇ. ನೀರಿನಲ್ಲಿ ಇದರ ಬಾಳಿಕೆ ಹೆಚ್ಚೆಂದು ದೋಣಿಯವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಐದು ಹೊಳೆಗಳು ಕೂಡಿ ಕಡಲಿಗೆ ಸೇರುವ ಗಂಗೊಳ್ಳಿಯಂಥ ಕಡೆ ದೋಣಿಗೂ ಮಚವೆಗೂ ಹಲಗೆ ಬೇಕಾದಾಗ ಉದ್ದವಾದ, ಗಂಟಿಲ್ಲದ ಹೆಬ್ಬಲಸಿಗೆ ಬೆಲೆ ಬಂತು. ಕೇರಳದ ಹಾವುದೋಣಿಗಳೂ ಇದೇ ಮರದವು. ಅಲ್ಲಿ ಇದರ ಹೆಸರು ಆಂಞಿಲಿ. ಕೊಲ್ಲೂರಿನ ಸುತ್ತಲಿನ ಕಾಡು 1974ರಲ್ಲಿ ಮೂಕಾಂಬಿಕಾ ವನ್ಯಧಾಮವಾಯಿತು. ದೋಣಿಗಳಿಗೆ ಫೈಬರು ಬಂತು. ಈಗ ಹೆಬ್ಬಲಸು ಬೇಕೆನ್ನುವ ಆಚಾರಿ ಯಾರದ್ದಾದರೂ ತೋಟದ ಬದಿಯ ಮರವನ್ನೇ ಹುಡುಕಬೇಕು.

ಪೀಠೋಪಕರಣ ಎಂಬ ಮಾತನ್ನು ಬಳಸುತ್ತಿದ್ದೇನೆ. ಆದರೆ ಹಳೆಯ ಮನೆಯಲ್ಲಿ ಅಂಥದ್ದು ಎಷ್ಟಿತ್ತು? ಮಣೆ, ಕಾಲುಮಣೆ, ಮಂಚ, ತೊಟ್ಟಿಲು, ಪೆಟ್ಟಿಗೆ, ಮರಿಗೆ, ಉಳ್ಳವರ ಮನೆಯಲ್ಲೊಂದು ತೂಗುಮಂಚ, ಅಲ್ಲಿಗೆ ಮುಗಿಯಿತು. ಉಳಿದವೆಲ್ಲ ಹೊರಗಿನಿಂದ ಬಂದವೆಂಬುದನ್ನು ಹೆಸರುಗಳೇ ಹೇಳುತ್ತವೆ. ಕುರ್ಚಿ ಅರಬ್ಬಿಯ ಕುರ್ಸಿ. ಅಲಮಾರು ಪೋರ್ತುಗೀಜರ ‘ಅರ್ಮಾರಿಯೊ’. ಮೇಜಿನ ಮೂಲ ಪಾರಸಿಯದೋ ಪೋರ್ತುಗೀಜರ ‘ಮೇಸಾ’ವೋ ಎಂದು ಪಂಡಿತರು ಇನ್ನೂ ಚರ್ಚಿಸಿಕೊಳ್ಳಲಿ. ಪೋರ್ತುಗೀಜರು ಬಸ್ರೂರಿನ ಅಕ್ಕಿಗಾಗಿ ಈ ಕಡಲಿಗೆ ಬಂದವರು. ಹದಿನಾರನೆಯ ಶತಮಾನದಲ್ಲಿ ಕುಂದಾಪುರದಲ್ಲಿ ಇಗರ್ಜಿಯನ್ನೂ ಕೋಟೆಯನ್ನೂ ಕಟ್ಟಿಕೊಂಡರು. ಕೈ ಚಾಚಿದ ಕುರ್ಚಿ, ಎತ್ತರದ ಮೇಜುಗಳನ್ನು ಇಲ್ಲಿನ ಆಚಾರಿಗಳು ಮೊದಲು ಅಂಥ ಕಡೆಗಳಲ್ಲಿಯೇ ಕಂಡಿರಬೇಕು. ಅನಂತರ ಕಚೇರಿ ಬಂತು, ಶಾಲೆ ಬಂತು, ಮುನ್ಸೀಫರ ಕೋರ್ಟು ಬಂತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನವಾದವು. ಹಂಚು ಕೂರಬೇಕಾದರೆ ಒಂದೇ ಅಳತೆಯ ಪಕ್ಕಾಸು, ರೀಪುಗಳು ಬೇಕು. ಅದರಿಂದ ಗರಗಸದವರಿಗೆ ಕೈತುಂಬ ಕೆಲಸವಾಯಿತು. ಕೊಯ್ದ ಹಲಗೆ ಸಿಗುವುದು ಸುಲಭವಾದಂತೆ ಕುರ್ಚಿ ಮೇಜುಗಳೂ ಹೆಚ್ಚಿದವು.

ಆದರೆ ಮನೆಯೊಳಗಿನ ಮರದ ಕೆಲಸಗಳಲ್ಲಿ ದೊಡ್ಡದು ಪತ್ತಾಯ. ಅದನ್ನು ನೋಡದವರಿಗಾಗಿ ಹೇಳುತ್ತೇನೆ: ಅದು ಭತ್ತ ತುಂಬಿಡುವ ಮರದ ಪೆಟ್ಟಿಗೆ, ಆದರೆ ಪೆಟ್ಟಿಗೆ ಎಂದರೆ ಅದಕ್ಕೆ ಅವಮಾನ. ಏಳಡಿ ಉದ್ದ, ಐದಡಿ ಅಗಲ, ಐದಡಿ ಎತ್ತರದ ಒಂದು ಪತ್ತಾಯವನ್ನು ಊಹಿಸಿಕೊಳ್ಳಿ. ಅದರಲ್ಲಿ ಎರಡೂವರೆ ಟನ್ನಿಗೂ ಮಿಕ್ಕಿ ಭತ್ತ ಹಿಡಿಯುತ್ತದೆ. ಭತ್ತ ನೀರಿನಂತೆ ಹರಿಯದಿದ್ದರೂ ಸುತ್ತಲಿನ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಈ ಒತ್ತಡವನ್ನು ವರ್ಷಗಟ್ಟಲೆ ತಾಳಬೇಕಾದರೆ ಹಲಗೆ ದಪ್ಪವಾಗಿರಬೇಕು, ಸೀಳದಿರಬೇಕು, ಒರಲೆ ಹಿಡಿಯದಿರಬೇಕು. ಹೆಣೆದ ನಾರಿನ ಹಲಸು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮೂಲೆಗಳಲ್ಲಿ ಕಬ್ಬಿಣದ ಮೊಳೆಯಿಲ್ಲ. ಒಂದು ಹಲಗೆಯ ನಾಲಗೆಯನ್ನು ಇನ್ನೊಂದರ ತೂತಿಗೆ ಸೇರಿಸಿ ಮರದ ಬೆಣೆ ಹೊಡೆದಿರುತ್ತಾರೆ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಮರವನ್ನೂ ತಿನ್ನುತ್ತದೆಂದು ಅವರಿಗೆ ಗೊತ್ತಿತ್ತು. ಇನ್ನೊಂದು ಲಾಭವೂ ಇದೆ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಳೆಗಾಲದ ತೇವ ಕಾಳಿಗೆ ತಟ್ಟುವ ಮೊದಲು ಅಂಗುಲಗಟ್ಟಲೆ ದಪ್ಪದ ಹಲಗೆ ಅದರ ಪಾಲನ್ನು ತಾನು ತೆಗೆದುಕೊಳ್ಳುತ್ತದೆ. ತಗಡಿನ ಡಬ್ಬಿಯಲ್ಲಿ ಒಳಗಡೆ ಬೆವರಿದಂತೆ ನೀರು ಕೂರುವ ಹಾಗೆ ಇಲ್ಲಿ ಆಗುವುದಿಲ್ಲ.

ಬಹಳಷ್ಟು ಪತ್ತಾಯಗಳು ಬಾಗಿಲಿಗಿಂತ ದೊಡ್ಡವು. ಅವನ್ನು ಕೋಣೆಯ ಒಳಗೇ ಕಟ್ಟಿ ನಿಲ್ಲಿಸುತ್ತಿದ್ದರು. ಮುಚ್ಚಳದ ಮೇಲೆ ಚಾಪೆ ಹಾಸಿ ಮನೆಯ ಹಿರಿಯರು ಮಲಗುತ್ತಿದ್ದರು. ಅನ್ನದ ಕಾವಲು, ನಿದ್ದೆ ಎರಡೂ ಒಟ್ಟಿಗೆ ಆಗುತ್ತಿತ್ತು. ಆ ಭತ್ತ ಎಲ್ಲಿಂದ ಬರುತ್ತಿತ್ತೆಂದು ಕೇಳಬೇಕಾದ ಪ್ರಶ್ನೆಯೊಂದಿದೆ. ಸ್ವಲ್ಪ ಸ್ವಂತ ಬೇಸಾಯದಿಂದ. ದೊಡ್ಡ ಮನೆಗಳಲ್ಲಿ ಬಹುಭಾಗ ಗೇಣಿಯಿಂದ. ಗೇಣಿಯನ್ನು ಮುಡಿಯ ಲೆಕ್ಕದಲ್ಲಿ ಅಳೆಯುತ್ತಿದ್ದರು. ಬೈಹುಲ್ಲಿನ ಹಗ್ಗ ಸುತ್ತಿ ಚೆಂಡಿನಂತೆ ಕಟ್ಟಿದ ಒಂದು ಅಕ್ಕಿಮುಡಿ ಸುಮಾರು 40 ಕಿಲೋ. ಗೇಣಿದಾರನ ಗುಡಿಸಲಿನಲ್ಲಿ ಪತ್ತಾಯವಿರಲಿಲ್ಲ. ಅವನ ಬೆಳೆ ಒಡೆಯರ ಪತ್ತಾಯದಲ್ಲಿ ಮಲಗುತ್ತಿತ್ತು. ಆ ಹಲಗೆಯ ನುಣುಪನ್ನು ಮೆಚ್ಚುವಾಗ ಇದನ್ನೂ ಕಾಣದಿದ್ದರೆ ನೋಟ ಅರ್ಧವಾಗುತ್ತದೆ.

ಪತ್ತಾಯಕ್ಕೆ ಮೊದಲ ಪೆಟ್ಟು ಬಿದ್ದದ್ದು ಮನೆಯ ಒಳಗಿನಿಂದ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಪಾಲಾಗುವಂತಿರಲಿಲ್ಲ. 1949ರ ಮದ್ರಾಸಿನ ಅಳಿಯಸಂತಾನ ಕಾನೂನು ಪಾಲಿಗೆ ದಾರಿ ಮಾಡಿಕೊಟ್ಟಿತು. ಗದ್ದೆಯನ್ನು ಪಾಲು ಮಾಡಬಹುದು, ತೆಂಗಿನಮರವನ್ನು ಎಣಿಸಿ ಹಂಚಬಹುದು. ಬಾಗಿಲಿಗಿಂತ ದೊಡ್ಡ ಪತ್ತಾಯವನ್ನು ಹೇಗೆ ಪಾಲು ಮಾಡುತ್ತೀರಿ? ಎರಡನೆಯ ಪೆಟ್ಟು ದೊಡ್ಡದು. ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಟ್ರಿಬ್ಯೂನಲುಗಳ ಮೂಲಕ ಉಳುವವನಿಗೆ ಸಿಕ್ಕಿತು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇಣಿ ಒಕ್ಕಲು ಬಹಳವಿದ್ದುದರಿಂದ ಈ ಬದಲಾವಣೆ ಇಲ್ಲಿ ಮನೆಮನೆಗೂ ತಟ್ಟಿತು. ಅದು ಆಗಬೇಕಾದ ನ್ಯಾಯವೇ ಆಗಿತ್ತು. ಅದರ ಒಂದು ಸಣ್ಣ ಪರಿಣಾಮವೆಂದರೆ ಪತ್ತಾಯಗಳು ಬರಿದಾದವು. ತುಂಬಲು ಭತ್ತವಿಲ್ಲದ ಪತ್ತಾಯ ಕೋಣೆಗೆ ಭಾರವಲ್ಲದೆ ಮತ್ತೇನು?

ಮುಂದೆ ಆದದ್ದನ್ನು ನೀವೇ ಊಹಿಸಬಹುದು. ಕೆಲವು ಕಡೆ ಪತ್ತಾಯವನ್ನು ಬಿಚ್ಚಿ ಅದೇ ಹಲಗೆಯಿಂದ ಮಂಚ, ಮೇಜು, ಬಾಗಿಲು ಮಾಡಿಸಿದರು, ಒಳ್ಳೆಯ ಕೆಲಸ. ಅರುವತ್ತು ಎಪ್ಪತ್ತು ವರ್ಷ ಒಣಗಿದ ಹಲಸಿಗಿಂತ ಶಾಂತವಾದ ಮರ ಆಚಾರಿಗೆ ಎಲ್ಲಿ ಸಿಕ್ಕೀತು? ಮತ್ತೆ ಕೆಲವು ಕಡೆ ಮನೆಯೇ ಬಿತ್ತು. ಕಂಬ, ದಾರಂದ, ಪತ್ತಾಯಗಳನ್ನು ಒಟ್ಟಿಗೆ ಲಾರಿಗೆ ತುಂಬಿಸಿ ಕೊಂಡುಹೋದ ವ್ಯಾಪಾರಿಗಳು ಅವನ್ನು ದೂರದ ಊರಿನ ಹೊಟೇಲುಗಳಿಗೂ ಶ್ರೀಮಂತರ ಬಂಗಲೆಗಳಿಗೂ ಮಾರಿದರು. ಕರಾವಳಿಯ ತೇವದಲ್ಲಿ ಬಾಳಿದ ಹಲಗೆಯನ್ನು ಹವಾನಿಯಂತ್ರಿತ ಕೋಣೆಯಲ್ಲಿಟ್ಟರೆ ಬಿರುಕು ಬಿಡಬಹುದೆಂದು ಕೊಂಡವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಮರದೊಳಗಿನ ತೇವ ಸುತ್ತಲ ಗಾಳಿಗೆ ಹೊಂದಿಕೊಳ್ಳುತ್ತಲೇ ಇರುತ್ತದೆ. ನೂರು ವರ್ಷದ ಮರಕ್ಕೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡು ಕೈಕಟ್ಟಿ ಕೂರದವರು ಮಣಿಪಾಲದ ವಿಜಯನಾಥ ಶೆಣೈ. ಬೀಳುತ್ತಿದ್ದ ಮನೆಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿಸಿ, ಗುರುತು ಹಾಕಿ, ಮಣಿಪಾಲಕ್ಕೆ ತಂದು ಮತ್ತೆ ಜೋಡಿಸಿ ಹಸ್ತಶಿಲ್ಪ ಎಂಬ ಪರಂಪರೆಯ ಊರನ್ನೇ ಕಟ್ಟಿದರು. ಕುಂದಾಪುರ ಕಡೆಯ ಹರ್ಕೂರಿನ ಮನೆಯೊಂದು ಅಲ್ಲಿದೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಮೊಳೆಯಿಲ್ಲದೆ ಬೆಣೆಯಿಂದ ಕೂಡಿಸಿದ ಮನೆಯಾದ್ದರಿಂದಲೇ ಅದನ್ನು ಬಿಚ್ಚಿ ಕಟ್ಟುವುದು ಸಾಧ್ಯವಾಯಿತೆಂಬುದನ್ನು ನೋಡಲು ಹೋದವರು ಗಮನಿಸಬೇಕು. ಕಾಂಕ್ರೀಟಿನ ಮನೆಗೆ ಎರಡನೆಯ ಜನ್ಮವಿಲ್ಲ.

ಅಲ್ಲಿಯೇ ಮೆಕ್ಕೆಕಟ್ಟಿನ ನಂದಿಕೇಶ್ವರ ಗುಡಿಯ ಹಳೆಯ ಕಟ್ಟಡವೂ ಇದೆ. ಮೆಕ್ಕೆಕಟ್ಟು ಈಗಿನ ಬ್ರಹ್ಮಾವರ ತಾಲೂಕಿನ ಶಿರಿಯಾರದ ಕಡೆಯ ಊರು. ದೈವಗಳ ಮರದ ಮೂರ್ತಿಗಳು, ಆಳೆತ್ತರದವು, ಅದಕ್ಕೂ ಮೀರಿದವು, ಕೆಂಪು ಹಳದಿ ಬಣ್ಣ ಬಳಿದವು, ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೇ ಕಡೆ ನಿಂತ ಸ್ಥಳ ಕರಾವಳಿಯಲ್ಲಿ ಅಪರೂಪ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಜೀರ್ಣೋದ್ಧಾರದಲ್ಲಿ ಹಳೆಯವನ್ನು ತೆಗೆದು ಹೊಸ ಮೂರ್ತಿಗಳನ್ನು ನಿಲ್ಲಿಸಿದರು. ತೆಗೆದವುಗಳಲ್ಲಿ ಕೆಲವು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿವೆ. ನಂಬುವವರಿಗೆ ಹಳೆಯ ಮೂರ್ತಿಯಲ್ಲಿ ಇನ್ನು ದೈವವಿಲ್ಲ, ಅದು ಮರ ಮಾತ್ರ. ಕಲೆಯ ಕಣ್ಣಿನವರಿಗೆ ಆ ಮರವೇ ಸರ್ವಸ್ವ. ಇಬ್ಬರೂ ಸರಿ ಎಂದು ನಾನು ತಿಳಿಯುತ್ತೇನೆ. ದೈವದ ಮೂರ್ತಿಗೆ ಹಲಸನ್ನು ಆರಿಸಿದ್ದರಲ್ಲಿ ಭಕ್ತಿಯಷ್ಟೇ ಬುದ್ಧಿಯೂ ಇತ್ತು: ದೊಡ್ಡ ಸುತ್ತಳತೆ, ಸೀಳದ ನಾರು, ಕೆತ್ತಲು ಅತಿಯಾಗಿ ಗಟ್ಟಿಯಲ್ಲದ ಹದ, ಹುಳ ಮುಟ್ಟದ ಕೆಚ್ಚು.

ಯಕ್ಷಗಾನದ ಚೆಂಡೆಯ ಕಳಸಿಗೆಗೂ ಇದೇ ಮರ; ಮದ್ದಳೆಗೆ ಹಲಸು, ಕಕ್ಕೆ ಮುಂತಾದವು. ಕೊರಡನ್ನು ಕೊರೆದು ಟೊಳ್ಳು ಮಾಡಿ, ಎರಡೂ ಕಡೆ ಚರ್ಮ ಬಿಗಿದು ಎಳೆದಾಗ ಬೀಳುವ ಸೆಳೆತಕ್ಕೆ ನೇರ ನಾರಿನ ಮರವಾದರೆ ಸೀಳಿಹೋದೀತು. ಕೋಟ, ಬ್ರಹ್ಮಾವರ, ಮಂದಾರ್ತಿ, ಮಾರಣಕಟ್ಟೆಗಳ ಕಡೆ ರಾತ್ರಿಯ ಗದ್ದೆಬಯಲಿನಲ್ಲಿ ಮೈಲಿಗಟ್ಟಲೆ ಕೇಳುವ ಚೆಂಡೆಯ ಪೆಟ್ಟಿನ ಹಿಂದೆಯೂ ಯಾರದ್ದೋ ಹಿತ್ತಿಲ ಹಲಸು ಇದೆ.

ಈಗಿನ ಸ್ಥಿತಿ ಹೇಗಿದೆ? ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಮರದ ಹುಡಿಯನ್ನು ಅಂಟಿನಿಂದ ಒತ್ತಿದ ಹಲಗೆ. ಒಂದು ಮಳೆಗಾಲದ ತೇವ ಒಳಹೊಕ್ಕರೆ ಅದರ ಅಂಚು ನೆನೆದ ರೊಟ್ಟಿಯಂತೆ ಉಬ್ಬುತ್ತದೆ. ರಬ್ಬರಿನ ಮರಕ್ಕೆ ಬೋರಾನಿನ ಔಷಧಿ ಕುಡಿಸಿ ಮಾಡಿದ ಸಾಮಾನು ಅದಕ್ಕಿಂತ ಮೇಲು. 1980ರ ದಶಕದಿಂದ ಬೋಳುಗುಡ್ಡಗಳಲ್ಲಿ ಬೆಳೆಸಿದ ಅಕೇಶಿಯಾವೂ ಗಟ್ಟಿಮರವೇ. ಗುಡ್ಡದ ನೆಲಕ್ಕೆ ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ಬೀಟೆಯ ಕುಲವನ್ನೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಡಿಸಿದ್ದಾರೆ. ಹೀಗಿರುವಾಗ ಹಲಸಿಗೆ ಮತ್ತೆ ಬೇಡಿಕೆ ಬಂದಿರುವುದು ಸಹಜ.

ಹಲಸು ಕೊಳ್ಳುವವರಿಗೆ ಒಂದೆರಡು ಮಾತು. ಹಲಗೆಯ ಅಂಚನ್ನು ಸ್ವಲ್ಪ ಕೀಸಿ ನೋಡಿ. ಒಳಗೆ ಅರಸಿನ ಬಣ್ಣ ಇಣುಕಬೇಕು. ತೆಳು ಬಿಳುಪಿನ ಪಟ್ಟಿ ಅಂಚಿನಲ್ಲಿ ಉಳಿದಿದ್ದರೆ ಅದನ್ನು ತೆಗೆಸಿ. ಕುಟ್ಟೆ ಮೊದಲು ಹಿಡಿಯುವುದು ಅಲ್ಲಿಯೇ. ಮಳೆಗಾಲದಲ್ಲಿ ಕಡಿದು, ತಿಂಗಳೊಳಗೆ ಕೊಯ್ದು, ಮರುತಿಂಗಳು ಮಂಚವಾದ ಹಲಸನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಬಣ್ಣದ ಮೆರುಗು ಬಳಿದು ತೇಗದ ವೇಷ ಹಾಕಿಸಲೂ ಬೇಡಿ. ಎಣ್ಣೆ ಒರಸಿ ಕಿಟಕಿಯ ಬೆಳಕಿಗೆ ಬಿಟ್ಟರೆ ಬಣ್ಣವನ್ನು ಅದು ತಾನೇ ತಂದುಕೊಳ್ಳುತ್ತದೆ.

ಇನ್ನು ಹಲಸು ನೆಡುವವರ ಮಾತು. ಈಚೆಗೆ ಹಲಸಿನ ಹಣ್ಣಿಗೆ ಮೇಳಗಳಾಗುತ್ತಿವೆ, ಹಪ್ಪಳ ಚಿಪ್ಸುಗಳಿಗೆ ಪೇಟೆಯಿದೆ, ನರ್ಸರಿಗಳಲ್ಲಿ ಕಸಿಗಿಡಗಳು ಸಾಲುಸಾಲಾಗಿ ನಿಂತಿವೆ. ಮೂರು ನಾಲ್ಕು ವರ್ಷಕ್ಕೆ ಕಾಯಿ ಬಿಡುವ, ಕೈಗೆಟಕುವ ಎತ್ತರದಲ್ಲಿ ಕವಲೊಡೆಯುವ ಗಿಡವನ್ನೇ ಎಲ್ಲರೂ ಕೇಳುತ್ತಾರೆ. ಹಣ್ಣಿಗೆ ಅದು ಸರಿ. ಆದರೆ ಹಾಗೆ ತಗ್ಗಿನಲ್ಲೇ ಕವಲೊಡೆದ ಗಿಡದಲ್ಲಿ ಆರಡಿ ಉದ್ದದ ನೇರ ಕಾಂಡ ಎಂದಿಗೂ ಸಿಗಲಾರದು. ಹಲಗೆಗೆ ಬೇಕಾದದ್ದು ಬೀಜದಿಂದ ಎದ್ದ ಗಿಡ, ಎಳೆಯದರಲ್ಲಿ ಅಡ್ಡಕೊಂಬೆ ಸವರಿ ಮೇಲಕ್ಕೆ ಏಳಿಸಿದ್ದು, ನಲವತ್ತು ವರ್ಷ ಯಾರೂ ಕೈ ಹಾಕದೆ ಬಿಟ್ಟದ್ದು. ತೋಟದಲ್ಲಿ ಹತ್ತು ಕಸಿಗಿಡ ಹಾಕುವವರು ಬೇಲಿಯ ಮೂಲೆಯಲ್ಲಿ ಎರಡು ಬೀಜವನ್ನೂ ಊರಿ ಬಿಡಬಹುದು. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ. ಹಣ್ಣು ತಿಂದ ವಾರದೊಳಗೇ ನೆಡಬೇಕು, ಅದೂ ಇರುವ ಜಾಗದಲ್ಲಿಯೇ, ಏಕೆಂದರೆ ತಾಯಿಬೇರು ಮುರಿದರೆ ಗಿಡ ಕಿತ್ತು ನೆಡುವುದನ್ನು ಸಹಿಸುವುದಿಲ್ಲ.